ಹನ್ನೆರಡು ಸೂಜಿಗಳ ದಿಂಬು

ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ, ಹೊಲಿಗೆಯಕ್ಕ ಮತ್ತು ಅವಳ ಗಂಡ ಇದ್ದರು. ಶಾಲೆಯ ಕೆಲಸದಿಂದ ನಿವೃತ್ತಳಾಗಿ ನಾನು ಮೇಲಿನ ಮನೆಗೆ ಬಂದ ವಾರವೇ ಅವಳು ನನ್ನ ಕಿಟಕಿಯ ಪರದೆಗಳಿಗೆ ಅಂಚು ಮಡಿಸಿ ಹೊಲಿದುಕೊಟ್ಟಳು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳು. ಆದರೂ ಕಟ್ಟಡದವರೆಲ್ಲ ಅಕ್ಕ ಎನ್ನುತ್ತಿದ್ದುದರಿಂದ ನನ್ನ ಬಾಯಿಗೂ ಅದೇ ಬಂತು. ಅವಳು ನನ್ನನ್ನು ಟೀಚರಕ್ಕ ಎನ್ನುತ್ತಿದ್ದಳು. ಹೀಗೆ ಒಬ್ಬರಿಗೊಬ್ಬರು ಅಕ್ಕಂದಿರಾಗಿ ಹಲವು ವರ್ಷ ಕಳೆದೆವು.

ಅವಳ ಕೆಲಸ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ. ನೆಲಮಾಳಿಗೆಯಲ್ಲಿ, ಇಸ್ತ್ರಿ ಯಂತ್ರಗಳ ಆಚೆ, ಏಳು ಮೇಜುಗಳ ಉದ್ದನೆಯ ಕೋಣೆ ಅದು. ಬೇರೆಯವರು ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕುತ್ತಿದ್ದರು. ಹೊಲಿಗೆಯಕ್ಕನ ಪಾಲಿಗೆ ಬಂದದ್ದು ಹೆರಿಗೆ ವಾರ್ಡಿನ ಎಳೆಗೂಸುಗಳ ಅಂಗಿ. ಆ ಅಂಗಿಗಳಿಗೆ ಗುಂಡಿ ಇರುವುದಿಲ್ಲ. ಎದೆಯ ಮೇಲೆ ಕಟ್ಟಲು ಎರಡು ಜೊತೆ ಲಾಡಿಗಳು ಮಾತ್ರ. ಯಂತ್ರದ ಹೊಲಿಗೆ ಗಂಟಾಗಿ ಕೂತು ಕೂಸಿನ ಚರ್ಮಕ್ಕೆ ಒತ್ತುತ್ತದೆಂದು ಲಾಡಿಗಳನ್ನು ಕೈಯಲ್ಲೇ ಹೊಲಿಯಬೇಕಾಗಿತ್ತು.

ಆ ಕೋಣೆಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಬೆಳಗ್ಗೆ ಒಬ್ಬೊಬ್ಬರಿಗೂ ಹನ್ನೆರಡು ಸೂಜಿ ಕೊಡುತ್ತಿದ್ದರು. ಸಂಜೆ ಐದಕ್ಕೆ ಮೇಲ್ವಿಚಾರಕಿ ಮೇಜಿನಿಂದ ಮೇಜಿಗೆ ಬಂದು ಹನ್ನೆರಡನ್ನೂ ಎಣಿಸಿಕೊಳ್ಳುತ್ತಿದ್ದರು. ಸೂಜಿ ಮುರಿದಿದ್ದರೆ ಎರಡೂ ತುಂಡುಗಳನ್ನು ತೋರಿಸಬೇಕು. ಒಂದು ಕಡಿಮೆಯಾದರೂ ಆ ದಿನದ ಬಟ್ಟೆಗಂಟುಗಳನ್ನು ಬಿಚ್ಚಿ, ಪ್ರತಿಯೊಂದು ಬಟ್ಟೆಯನ್ನೂ ಅಂಗೈಯಿಂದ ಒತ್ತಿ ನೋಡುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ಸೂಜಿ ಅಂಗಿಯೊಳಗೆ ಉಳಿದರೆ ಏನಾಗುತ್ತದೆಂಬುದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಂಡನನ್ನು ಎಲ್ಲರೂ ಕರೆಯುತ್ತಿದ್ದುದು ಡ್ರೈವರು ಎಂದೇ. ಮೂವತ್ತು ವರ್ಷ ಬಸ್ಸು ಓಡಿಸಿದವರು. ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಿದ್ದರು. ಸಿಬ್ಬಂದಿಯ ಮನೆಯವರೆಂಬ ಕಾರಣಕ್ಕೆ ಅವರಿಗೆ ಹೆಂಡತಿಯ ಆಸ್ಪತ್ರೆಯಲ್ಲೇ ಜಾಗ ಸಿಕ್ಕಿತ್ತು. ಅವಳು ಕೆಲಸದಲ್ಲಿ ಇರುವಷ್ಟು ದಿನ ಆ ಜಾಗ. ಹೊರಗೆ ಮಾಡಿಸುವ ಶಕ್ತಿ ಅವರಿಗಿರಲಿಲ್ಲ.

"ನಾನು ಇವಳ ಸೂಜಿದಾರದಲ್ಲಿ ನೇತಾಡ್ತಿರೋ ಗುಂಡಿ ಟೀಚರೇ," ಎನ್ನುತ್ತಿದ್ದರು ಡ್ರೈವರು. "ಇವಳು ದಾರ ಕಡಿದ ದಿನ ಟಪ್ಪಂತ ಬೀಳ್ತೀನಿ."

"ಕಡಿಯೋದಾಗಿದ್ರೆ ಮದುವೆಯಾದ ವರ್ಷವೇ ಕಡೀತಿದ್ದೆ. ಆಗ ಕತ್ತರಿ ಇನ್ನೂ ಹರಿತವಾಗಿತ್ತು," ಎನ್ನುತ್ತಿದ್ದಳು ಅವಳು.

ಅವಳ ಕಣ್ಣಿನ ವಿಷಯ ಮೊದಲು ತಿಳಿದದ್ದು ನನಗೆ. ಮೆಟ್ಟಿಲ ಬದಿಯಲ್ಲಿಟ್ಟ ನನ್ನ ಹೂಕುಂಡವನ್ನು ಒಂದೇ ತಿಂಗಳಲ್ಲಿ ಮೂರು ಸಲ ಒದ್ದಳು. ನಾಲ್ಕನೆಯ ಸಲ ಅವಳೇ ಬಿದ್ದಳು. ಮಂಡಿಗೆ ಬಟ್ಟೆ ಕಟ್ಟುತ್ತಾ ಕೇಳಿದಾಗ, ಅಕ್ಕಪಕ್ಕದ್ದು ಒಂದು ವರ್ಷದಿಂದ ಕಾಣುತ್ತಿಲ್ಲವೆಂದಳು. ನಾನು ಅವಳನ್ನು ಬೇರೊಂದು ಬೀದಿಯ ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನೋಟ ಸುತ್ತಲಿಂದ ಒಳಮುಖವಾಗಿ ಸಾಯುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು ಅವರು. ಅವಳ ಪಾಲಿಗೆ ಲೋಕ ಒಂದು ಕೊಳವೆಯ ತುದಿಯಲ್ಲಿ ಕಾಣುವಷ್ಟಾಗಿತ್ತು. ವಿಚಿತ್ರವೆಂದರೆ, ಮೂಗಿನ ನೇರಕ್ಕೆ ಹಿಡಿದರೆ ಸಣ್ಣ ಸೂಜಿಯ ಕಣ್ಣಿಗೂ ದಾರ ಪೋಣಿಸುತ್ತಿದ್ದಳು. ಮೊಣಕೈ ಪಕ್ಕದ ಕತ್ತರಿ ಮಾತ್ರ ಕಾಣುತ್ತಿರಲಿಲ್ಲ.

"ದಾರ ಪೋಣಿಸೋಳಿಗೆ ಕಣ್ಣಿಲ್ಲ ಅಂತ ಯಾರು ಅಂತಾರೆ?" ಎಂದಳು ದಾರಿಯಲ್ಲಿ. "ಪಕ್ಕದ್ದು ಹುಡುಕೋ ಹಾಗಿಲ್ಲ, ಅಷ್ಟೇ. ಹುಡುಕದೇ ಇರೋ ಹಾಗೆ ಮಾಡ್ಕೊಂಡ್ರೆ ಆಯ್ತು."

ಹಾಗೆ ಮಾಡಿಕೊಂಡದ್ದೇ ಆ ಸೂಜಿದಿಂಬು. ಡ್ರೈವರ ಹಳೆಯ ಖಾಕಿ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಒಂದು ಮೊಳ ಉದ್ದದ ಪಟ್ಟಿ ಮಾಡಿದಳು. ಅರ್ಧ ಮೇಜಿನ ಮೇಲೆ ಕೂರಬೇಕು, ಅರ್ಧ ಬಲಗಡೆಯ ಅಂಚಿನಿಂದ ಕೆಳಗೆ ಇಳಿಬೀಳಬೇಕು. ಇಳಿಬಿದ್ದ ಭಾಗಕ್ಕೆ ಐದು ಜೇಬು: ದೊಡ್ಡ ಕತ್ತರಿಗೆ ಆಳವಾದದ್ದು, ದಾರ ಕತ್ತರಿಸುವ ಚಿಕ್ಕ ಕತ್ತರಿಗೆ ಓರೆಯಾದದ್ದು, ಟೇಪಿಗೆ, ಗುರುತು ಹಾಕುವ ಸೀಮೆಸುಣ್ಣಕ್ಕೆ, ಹೊಲಿಗೆ ಬಿಚ್ಚುವ ಕೊಕ್ಕೆಗೆ ಒಂದೊಂದು. ಪ್ರತಿ ಜೇಬಿನ ಬಾಯಿಗೂ ಬೇರೆ ಬೇರೆ ಹೊಲಿಗೆ ಹಾಕಿದಳು. ಒಂದಕ್ಕೆ ಉಬ್ಬುಗಂಟು, ಒಂದಕ್ಕೆ ಜೋಡಿಗೆರೆ. ಬೆರಳು ಸವರಿದರೆ ಯಾವುದು ಯಾವುದೆಂದು ತಿಳಿಯಬೇಕು. ಮೇಜಿನ ಮೇಲೆ ಕೂರುವ ಕಡೆ ದಿಂಬು. ಅದರ ತಳಕ್ಕೆ, ಜಾರದಿರಲೆಂದು, ಬಿಸ್ಕತ್ತಿನ ಡಬ್ಬಿಯ ಮುಚ್ಚಳ.

ದಿಂಬಿಗೆ ಏನು ತುಂಬುವುದೆಂಬ ಚರ್ಚೆ ಒಂದು ವಾರ ನಡೆಯಿತು. ನಾನು ಹತ್ತಿ ಎಂದೆ.

"ಹತ್ತಿ ನೀರು ಹೀರುತ್ತೆ ಟೀಚರಕ್ಕ, ಸೂಜಿಗೆ ತುಕ್ಕು ಹಿಡಿಯುತ್ತೆ. ಚಿಂದಿ ತುಂಬಿದ್ರೆ ಸೂಜಿ ಒಳಗೆ ಇಳಿಯಲ್ಲ. ಕೂದಲು ಒಳ್ಳೇದು. ಅದರ ಜಿಡ್ಡಿಗೆ ಸೂಜಿ ಹೊಳೀತಾ ಇರುತ್ತೆ."

ಅವಳ ಬಾಚಣಿಗೆಯಲ್ಲಿ ಸಿಕ್ಕುವ ಕೂದಲು ಸಾಲದೆ ಎರಡು ತಿಂಗಳು ನನ್ನದನ್ನೂ ಕೂಡಿಸಿ ಕೊಟ್ಟೆ.

"ಟೀಚರ ಕೂದಲು ತುಂಬಿದ್ಯಾ? ಇನ್ನು ಸೂಜಿಗಳಿಗೂ ವ್ಯಾಕರಣ ಬರುತ್ತೆ ನೋಡು," ಎಂದರು ಡ್ರೈವರು. "ವಕ್ರವಾಗಿ ಹೊಲಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತವೆ."

"ನೀವು ಸುಮ್ನಿರಿ. ನಿಮ್ಮ ತಲೇಲಿ ಒಂದು ಸೂಜಿಗಾಗೋಷ್ಟೂ ಇಲ್ಲ."

ಅಂಗಡಿಯಲ್ಲಿ ಸಿಗುವ ದಿಂಬುಗಳು ಎರಡು ಬೆರಳು ಎತ್ತರವಿರುತ್ತವೆ. ಅವಳು ನಾಲ್ಕು ಬೆರಳು ಎತ್ತರ ಮಾಡಿದಳು. ಆಳವಿದ್ದರೆ ಸೂಜಿ ನೆಟ್ಟಗೆ ನಿಲ್ಲುತ್ತದೆ, ಸಾಲಿಗೆ ನಾಲ್ಕರಂತೆ ಮೂರು ಸಾಲು ಚುಚ್ಚಿದರೆ ನೋಡದೆಯೇ ಎಣಿಸಬಹುದು ಎಂಬುದು ಅವಳ ಲೆಕ್ಕ. ಚೆನ್ನಾಗಿದೆ ಎಂದೆ. ಒಂದೂವರೆ ವರ್ಷ ಚೆನ್ನಾಗಿಯೇ ಇತ್ತು. ಜೊತೆಯ ಹೆಂಗಸರು ತಮಗೂ ಅಂಥದ್ದು ಬೇಕೆಂದರಂತೆ. ಇಬ್ಬರಿಗೆ ಮಾಡಿಯೂ ಕೊಟ್ಟಳು. ಅವಳ ಕೈ ಅಷ್ಟು ಸಲೀಸಾಗಿ ಜೇಬಿನಿಂದ ಜೇಬಿಗೆ ಹೋಗುತ್ತಿದ್ದುದರ ಕಾರಣ ಯಾರಿಗೂ ಹೊಳೆಯಲಿಲ್ಲ.

ಆ ಮಂಗಳವಾರ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಡ್ರೈವರು ಡಯಾಲಿಸಿಸ್ ಮುಗಿಸಿ ಬಂದು ಮಂಚದ ಮೇಲೆ ಬಿಳುಚಿಕೊಂಡು ಒರಗಿದ್ದರು. ಹೊಲಿಗೆಯಕ್ಕ ಬಂದವಳೇ ಚೀಲವನ್ನು ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಏನೇ, ಬಸ್ಸು ತಪ್ಪಿಸ್ಕೊಂಡೋರ ಹಾಗೆ ನಿಂತಿದೀಯ?"

"ಒಂದು ಸೂಜಿ ಕಮ್ಮಿ ಇತ್ತು ರೀ."

ಗಂಟೆ ಹೊಡೆದಾಗ ದಿಂಬಿನ ಮೇಲೆ ಹನ್ನೊಂದೇ ಇದ್ದವು. ಮೂರನೆಯ ಸಾಲಿನ ಕೊನೆಯ ಜಾಗ ಖಾಲಿ. ಲಾಡಿಗೆಂದೇ ಇಟ್ಟ ಮೋಟು ಸೂಜಿ ಅದು. ಮೇಲ್ವಿಚಾರಕಿ ಎರಡು ಮೇಜು ಆಚೆ ಇದ್ದರು. ಹುಡುಕಲು ಮೇಜಿನ ಸುತ್ತ ತಡಕಾಡಿದರೆ ಕಣ್ಣಿನ ಗುಟ್ಟು ಅಲ್ಲೇ ಬಯಲಾಗುತ್ತಿತ್ತು. ಚೀಲದಲ್ಲಿ ಮನೆಯ ಸೂಜಿಯೊಂದಿತ್ತು. ಅದನ್ನು ತೆಗೆದು ಖಾಲಿ ಜಾಗಕ್ಕೆ ಚುಚ್ಚಿಬಿಟ್ಟಳು. ಮೇಲ್ವಿಚಾರಕಿ ಬಂದು ಹನ್ನೆರಡು ಎಂದು ಎಣಿಸಿ ಮುಂದೆ ಹೋದರು.

"ಅಂಗಿಗಳು ಎಲ್ಲಿವೆ?" ಡ್ರೈವರ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

"ಗಂಟು ಕಟ್ಟಿಟ್ಟಿದಾರೆ. ಅರವತ್ತನಾಲ್ಕು. ಬೆಳಗ್ಗೆ ಏಳಕ್ಕೆ ವಾರ್ಡಿಗೆ ಹೋಗ್ತವೆ."

ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಮೊದಲು ಬಾಯಿ ಬಿಟ್ಟವಳು ನಾನು. "ನೆಲಕ್ಕೆ ಬಿದ್ದಿರಬೇಕು ಕಣೆ. ಗುಡಿಸುವವರು ಗುಡಿಸಿಕೊಂಡು ಹೋಗಿರುತ್ತಾರೆ. ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀಯ? ಹೇಳಬೇಡ," ಎಂದೆ. ನಲವತ್ತು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಪಾಠ ಮಾಡಿದವಳು ನಾನು. ಮಂಚದ ಮೇಲೆ ಒರಗಿದ್ದವರ ತೋಳಿನ ಪಟ್ಟಿ ನನ್ನ ಕಣ್ಣೆದುರಿಗಿತ್ತು.

ಅವಳು ಗಂಡನ ಮುಖವನ್ನು ತನ್ನ ನೋಟದ ನೇರಕ್ಕೆ ತಂದುಕೊಂಡು ನೋಡುತ್ತಿದ್ದಳು.

"ಟೀಚರು ನನ್ನ ಮುಖ ನೋಡಿ ಹೇಳ್ತಿದಾರೆ. ನೀನು ನೋಡಬೇಡ," ಎಂದರು ಡ್ರೈವರು. "ಬ್ರೇಕಿನ ಮೇಲೆ ಅನುಮಾನ ಬಂದ್ರೆ ನಾನು ಡಿಪೋದಿಂದ ಬಸ್ಸು ತೆಗೀತಿರಲಿಲ್ಲ. ಒಳಗೆ ಕೂತೋರಿಗೆ ಗೊತ್ತಿರಲ್ಲ ಅಲ್ವಾ? ಆ ಕೂಸುಗಳಿಗೂ ಗೊತ್ತಾಗಲ್ಲ. ಎದ್ದು ಹೋಗು."

"ಹೋದ್ರೆ ಕೆಲಸ ಹೋಗುತ್ತೆ ರೀ. ಆಮೇಲೆ ನಿಮ್ಮ ಶುಕ್ರವಾರ?"

"ಶುಕ್ರವಾರ ಬರಲಿ, ನೋಡೋಣ. ಟೀಚರೇ, ಕೈ ಹಿಡ್ಕೊಂಡು ಕರ್ಕೊಂಡು ಹೋಗಿ. ದಾರೀಲಿ ಬುದ್ಧಿ ಹೇಳಬೇಡಿ."

ಎರಡು ಬೀದಿ ನಡೆದೆವು. ನಾನು ಬುದ್ಧಿ ಹೇಳಲಿಲ್ಲ. ಮೇಲ್ವಿಚಾರಕಿ ಬೀಗ ಹಾಕುತ್ತಿದ್ದರು. ಹೊಲಿಗೆಯಕ್ಕ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು, ಕಣ್ಣಿನ ವಿಷಯವೊಂದನ್ನು ಬಿಟ್ಟು. ಅವರು ಮತ್ತೆ ಬೀಗ ತೆಗೆದರು. ಮೂವರೂ ಕೂತು ಅರವತ್ತನಾಲ್ಕು ಅಂಗಿಗಳನ್ನು ಒಂದೊಂದಾಗಿ ಬಿಡಿಸಿ, ಅಂಚು, ಕಂಕುಳು, ಲಾಡಿಯ ಬುಡ ಎಲ್ಲವನ್ನೂ ಒತ್ತಿ ನೋಡಿದೆವು. ಸೂಜಿ ಸಿಗಲಿಲ್ಲ. ನಡುವೆ ಮೇಲ್ವಿಚಾರಕಿ ಪಕ್ಕದಿಂದ ಒಂದು ಅಂಗಿಯನ್ನು ಅವಳತ್ತ ನೀಡಿ, "ಇದನ್ನ ನೀನೂ ಒಂದು ಸಲ ನೋಡು," ಎಂದರು. ಅವಳು ತನ್ನ ಕೈಯಲ್ಲಿದ್ದ ಅಂಗಿಯನ್ನೇ ಮತ್ತೆ ಒತ್ತಿ ನೋಡಿದಳು. ಅಂಗಿ ಗಾಳಿಯಲ್ಲೇ ಉಳಿಯಿತು. ಅವರು ಅದನ್ನು ಇಳಿಸಿ, ಬರಿಗೈಯನ್ನು ಅವಳ ಕಿವಿಯ ಪಕ್ಕಕ್ಕೆ ತಂದು, ಸದ್ದಿಲ್ಲದೆ ಬೆರಳಾಡಿಸಿದರು. ನಾನು ತಲೆ ತಗ್ಗಿಸಿದೆ.

"ಎಷ್ಟು ದಿನದಿಂದ?" ಎಂದು ಕೇಳಿದರು.

"ಏನು ಮೇಡಂ?" ಎಂದಳು ಹೊಲಿಗೆಯಕ್ಕ. ಆಮೇಲೆ ಅವಳಿಗೇ ಅರ್ಥವಾಯಿತು. "ಎರಡೂವರೆ ವರ್ಷ."

ಮೇಲ್ವಿಚಾರಕಿ ಮೇಜಿನ ಮೇಲಿದ್ದ ದಿಂಬನ್ನು ಎತ್ತಿ ಎರಡು ಅಂಗೈಗಳ ನಡುವೆ ಮೆಲ್ಲಗೆ ಅದುಮಿದರು. ಮತ್ತೆ ಅದುಮಿದರು. ಕೊಕ್ಕೆ ತೆಗೆದುಕೊಂಡು ಬದಿಯ ಹೊಲಿಗೆ ಬಿಚ್ಚಿದರು. ಕೂದಲ ಮುದ್ದೆಯ ನಡುವೆ, ಮುಚ್ಚಳಕ್ಕೆ ತುದಿ ತಾಗಿಸಿಕೊಂಡು, ಮೋಟು ಸೂಜಿ ನಿಂತಿತ್ತು. ದಿಂಬು ಆಳವಾಗಿತ್ತು, ಸೂಜಿ ಗಿಡ್ಡವಾಗಿತ್ತು. ಒತ್ತಿ ಚುಚ್ಚಿದ್ದರಿಂದ ಪೂರ್ತಿ ಒಳಗಿಳಿದಿತ್ತು. ಅರವತ್ತನಾಲ್ಕು ಅಂಗಿಗಳಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ.

"ಹೇಳದೇ ಇದ್ದಿದ್ರೂ ನಡೀತಿತ್ತು," ಎಂದರು ಮೇಲ್ವಿಚಾರಕಿ. ಅವರ ಕಣ್ಣು ತುಂಬಿತ್ತು. "ಈಗ ನನಗೆ ಗೊತ್ತಾಗಿದೆಯಲ್ಲ ತಾಯಿ. ಗೊತ್ತಿಲ್ಲದ ಹಾಗೆ ನಾನು ಹೇಗಿರಲಿ?"

ಅವರು ಕೆಟ್ಟವರಲ್ಲ. ಸೂಜಿ ಬದಲಿಸಿದ್ದನ್ನು ಬರೆಯಲೇ ಇಲ್ಲ. ದೃಷ್ಟಿದೋಷವೆಂದಷ್ಟೇ ಬರೆದು ಕಳಿಸಿದರು. ತಿಂಗಳ ಕೊನೆಗೆ ಅವಳನ್ನು ಗೌರವದಿಂದಲೇ ಬಿಡುಗಡೆ ಮಾಡಿದರು. ಮರುದಿನವೇ ಡ್ರೈವರ ಹೆಸರು ಸಿಬ್ಬಂದಿಯ ಪಟ್ಟಿಯಿಂದ ಸಾರ್ವಜನಿಕರ ಪಟ್ಟಿಗೆ ಹೋಯಿತು. ನಾನು ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆದೆ. ಎಲ್ಲರೂ ನನ್ನನ್ನು ಕೂರಿಸಿ ಮಾತನಾಡಿಸಿದರು. ಆ ಪಟ್ಟಿಯಲ್ಲಿ ಒಬ್ಬರಿಗೆ ಎಂಟು ಹತ್ತು ದಿನಕ್ಕೊಮ್ಮೆ ಸರದಿ ಬರುತ್ತಿತ್ತು.

ಡ್ರೈವರ ಕಾಲು ಊದಿತು, ಆಮೇಲೆ ಮುಖ. ನೀರನ್ನು ಚಮಚದಲ್ಲಿ ಅಳೆದು ಕುಡಿಯುತ್ತಿದ್ದರು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ಅವಳು ಮಂಚದ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಸುಮ್ನಿದ್ದಿದ್ರೆ ಚೆನ್ನಾಗಿತ್ತು ಅಲ್ವಾ ರೀ? ಸೂಜಿ ದಿಂಬಲ್ಲೇ ಇತ್ತಲ್ಲ."

"ದಿಂಬಲ್ಲಿದೆ ಅಂತ ಆವತ್ತು ನಿನಗೆ ಗೊತ್ತಿತ್ತೇನೇ?" ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದರು. "ಗೊತ್ತಿರಲಿಲ್ಲ. ಅಷ್ಟೇ. ಕುರ್ಚಿ ಇನ್ನೂ ಸ್ವಲ್ಪ ಮುಂದೆ ಎಳ್ಕೋ."

ಮೂರನೆಯ ತಿಂಗಳು, ಒಂದು ಗುರುವಾರ, ಅವರು ಹೋದರು. ಮುಂದಿನ ಸರದಿಗೆ ಇನ್ನೂ ನಾಲ್ಕು ದಿನವಿತ್ತು.

ಈಗ ಹೊಲಿಗೆಯಕ್ಕನಿಗೆ ಬೆಳಕು ಕತ್ತಲೆಗಳ ವ್ಯತ್ಯಾಸವಷ್ಟೇ ತಿಳಿಯುತ್ತದೆ. ಬೆಳಗ್ಗೆ ಗೋಡೆ ಹಿಡಿದುಕೊಂಡು ಮೇಲೆ ಬರುತ್ತಾಳೆ. ನಾನು ಪತ್ರಿಕೆ ಓದುತ್ತೇನೆ, ಅವಳು ಕೇಳುತ್ತಾಳೆ. ಹೋದ ವಾರ ಓದಿನ ನಡುವೆ ತಡೆದು, "ಟೀಚರಕ್ಕ, ಹೇಳಬೇಡ ಅಂತ ನೀವು ಆವತ್ತು ಅಂದಿರಲ್ಲ," ಎಂದಳು. "ನಿಮ್ಮ ಮಾತು ಕೇಳಬೇಕಿತ್ತು ಅಂತ ಕೆಲವು ದಿನ ಅನಿಸುತ್ತೆ. ಅನಿಸಿದ ದಿನ ಅವರ ಮಂಚದ ಹತ್ತಿರ ಹೋಗೋಕೆ ಆಗಲ್ಲ, ಅಡುಗೆ ಕೋಣೇಲೇ ಮಲಗ್ತೀನಿ."

ಓದು ನಿಲ್ಲಿಸಿದ್ದ ಸಾಲು ಯಾವುದೆಂದು ಪತ್ರಿಕೆಯಲ್ಲಿ ಹುಡುಕುತ್ತಾ ಕೂತೆ.