ಮಾರ್ಲಿಸ್ ಓದದ ಮಂತ್ರ

ವಿಸ್ಕಾನ್ಸಿನ್‌ನ ನಮ್ಮ ಸರೋವರದ ಊರಿನಲ್ಲಿ ಮಾರ್ಲಿಸ್ ಟ್ವೈಟ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ದಪ್ಪ ಕೈಗಳ, ಮೆಲುದನಿಯ ಹೆಂಗಸು. ಭಾನುವಾರ ಚರ್ಚು ಮುಗಿದ ಮೇಲೆ ನಾವು ಅವಳ ಅಡುಗೆಮನೆಯ ಮೇಜಿಗೆ ಸೇರುತ್ತಿದ್ದೆವು. ನಾವೆಂದರೆ ಎರಕದ ಕಾರ್ಖಾನೆಯಲ್ಲಿ ಸವೆದ ಲೈಲ್, ಅವನ ಹೆಂಡತಿ ಆರ್ಡಿಸ್ ಮತ್ತು ನಾನು.

ದಾಳ ಉರುಳಿಸಿ ಕಥೆ ಕಟ್ಟುವ ಆಟ ನಮ್ಮದು. ಗುಹೆ, ರಾಕ್ಷಸ, ನಿಧಿ ಎಂದು ವರ್ಣಿಸಿ ಆಟ ನಡೆಸುವವನು ನಾನು. ಲೈಲ್ ಬ್ರೋಗನ್ ಎಂಬ ಕತ್ತಿಯ ವೀರನಾಗುತ್ತಿದ್ದ, ಆರ್ಡಿಸ್ ಬಿಲ್ಲುಗಾತಿಯಾಗುತ್ತಿದ್ದಳು. ಮಾರ್ಲಿಸ್ ಯಾವಾಗಲೂ ಗಾಯ ಮಾಯಿಸುವ ಸನ್ಯಾಸಿನಿ. ಪ್ರತಿಯೊಬ್ಬರಿಗೂ ಇಷ್ಟು ಎಂದು ಜೀವದ ಅಂಕಗಳಿರುತ್ತವೆ. ಏಟು ಬಿದ್ದಂತೆ ಅವು ಕರಗುತ್ತವೆ. ಆಗ ಸನ್ಯಾಸಿನಿ ಮಂತ್ರ ಓದಿ ದಾಳ ಹಾಕಿದರೆ, ಹೊಟ್ಟೆ ಸೀಳಿಸಿಕೊಂಡವನೂ ಎದ್ದು ನಿಲ್ಲುತ್ತಾನೆ.

ಅವಳು ಆ ಪಾತ್ರವನ್ನೇ ಯಾಕೆ ಹಿಡಿದಳೆಂದು ಒಮ್ಮೆ ಪಾತ್ರೆ ತೊಳೆಯುವಾಗ ಕೇಳಿದ್ದೆ. ಅವಳ ಗಂಡ ಎಲ್ರಾಯ್ ಕ್ಯಾನ್ಸರಿನಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

"ವಾಸಿಯಾಗುತ್ತೆ ಅಂತ ಅವನಿಗೆ ಹೇಳ್ತಾನೇ ಇದ್ದೆ. ಅವನೂ ಹೂಂ ಅಂತಿದ್ದ," ಅಂದಳು. "ಕೊನೇವರೆಗೂ ಇಬ್ರೂ ನಾಟಕ ಆಡಿದ್ವಿ. ಸಾವಿನ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಈ ಆಟದಲ್ಲಾದ್ರೂ ನಾನು ಹೇಳಿದ್ದು ನಿಜವಾಗುತ್ತಲ್ಲ."

ಆ ಚಳಿಗಾಲ ಲೈಲ್‌ನ ಶ್ವಾಸಕೋಶ ಸೋಲತೊಡಗಿತು. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕುಡಿದ ಎರಕದಚ್ಚಿನ ಮರಳಿನ ಧೂಳು. ಮೂಗಿಗೆ ಆಮ್ಲಜನಕದ ಕೊಳವೆ ಬಂತು. ಇನ್ನು ಮಾಡುವಂಥದ್ದೇನೂ ಇಲ್ಲವೆಂದು ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು. ಆದರೆ ಆರ್ಡಿಸ್ ಎದುರು ಯಾರೂ ಬಾಯಿ ಬಿಡುವಂತಿರಲಿಲ್ಲ. ಮಾತು ಅತ್ತ ತಿರುಗಿತೆಂದರೆ ಅವಳು ಕಾಫಿ ಸುರಿಯಲು ಏಳುತ್ತಿದ್ದಳು.

ಸರೋವರದ ಮಂಜುಗಡ್ಡೆ ಒಡೆಯುವ ಹೊತ್ತಿನ ಒಂದು ಭಾನುವಾರ. ಬ್ರೋಗನ್ ಒಬ್ಬನೇ ಸೇತುವೆ ಕಾದು, ಗೆಳೆಯರನ್ನು ದಾಟಿಸಿ, ದೈತ್ಯನ ಗದೆಗೆ ಸಿಕ್ಕಿ ಬಿದ್ದ.

"ಎಬ್ಬಿಸೇ ಮಾರ್ಲಿಸ್," ಅಂದಳು ಆರ್ಡಿಸ್. "ಈ ಗಂಡಸ್ರಿಗೆ ಬೀಳೋದೊಂದು ಗೊತ್ತು."

ಮಾರ್ಲಿಸ್ ದಾಳ ಎತ್ತಿಕೊಂಡಳು. ಲೈಲ್ ಅವಳ ಕೈ ಮೇಲೆ ತನ್ನ ಕೈ ಇಟ್ಟ.

"ಬೇಡ."

"ನನ್ನ ಹತ್ರ ಇನ್ನೂ ಒಂದು ಮಂತ್ರ ಉಳಿದಿದೆಯಲ್ಲೋ," ಅಂದಳು ಮಾರ್ಲಿಸ್.

"ಉಳಿದಿರ್ಲಿ ಬಿಡು. ಬ್ರೋಗನ್‌ಗೆ ಸುಸ್ತಾಗಿದೆ. ಎಷ್ಟು ಸಲ ಅಂತ ಎಬ್ಬಿಸ್ತೀರ ಅವನನ್ನ?"

"ತಮಾಷೆ ಸಾಕು ಲೈಲ್," ಆರ್ಡಿಸ್ ದನಿ ಗಡುಸಾಯಿತು. "ಆಟದಲ್ಲಾದ್ರೂ ಎದ್ದೇಳೋಕೆ ಏನು ಕಷ್ಟ ನಿಂಗೆ?"

ಆಡಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೇ ಕೇಳಿಸಿತು.

ಮಾರ್ಲಿಸ್ ಲೈಲ್‌ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ದಾಳವನ್ನು ಕೆಳಗಿಟ್ಟಳು.

"ನನ್ನ ಸನ್ಯಾಸಿನಿ ಮಂತ್ರ ಓದಲ್ಲ," ಅಂದಳು. "ಅವನ ಪಕ್ಕ ಕೂತ್ಕೋತಾಳೆ. ತಲೇನ ತೊಡೆ ಮೇಲೆ ಇಟ್ಕೋತಾಳೆ. ನಿಂಗೇನು ಬೇಕಪ್ಪಾ ಅಂತ ಕೇಳ್ತಾಳೆ."

ಆಟ ನಡೆಸುವ ನನ್ನತ್ತ ಅವರ್ಯಾರೂ ನೋಡಲಿಲ್ಲ. ನೋಡಿದ್ದರೂ ಇಂಥದ್ದಕ್ಕೆ ಆಟದಲ್ಲಿ ಯಾವ ನಿಯಮವೂ ಇರಲಿಲ್ಲ.

"ಆಸ್ಪತ್ರೆ ಬೇಡ ಅವನಿಗೆ," ಲೈಲ್ ನಡುನಡುವೆ ಉಸಿರು ಎಳೆದುಕೊಂಡು ಹೇಳಿದ. "ಮನೇಲೇ ಇರ್ಬೇಕಂತೆ. ಮಂಚಾನ ಕಿಟಕಿ ಹತ್ರ ಎಳೀರಿ. ಮತ್ತೆ ಆ ಬಿಲ್ಲುಗಾತಿ... ದಿನಾ ನಗುಮುಖ ಹಾಕ್ಕೊಂಡು ಓಡಾಡ್ತಾಳೆ. ಅದೊಂದು ನಿಲ್ಲಿಸ್ಲಿ. ನೋಡೋಕಾಗಲ್ಲ."

ಆರ್ಡಿಸ್ ಮೇಜಿನ ಮೇಲೆ ಬಿದ್ದಿದ್ದ ತಿಂಡಿಯ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡಿದಳು.

"ಅವಳು ಬಿಲ್ಲು ಕೆಳಗಿಡ್ತಾಳೆ," ಅಂದಳು. ಎದ್ದು, ಮೇಜು ಬಳಸಿ ಬಂದು, ಗಂಡನ ಭುಜಕ್ಕೆ ಹಣೆ ಒತ್ತಿ ಅತ್ತಳು. ಮದುವೆಯಾದಾಗಿನಿಂದ ಅವಳು ಅತ್ತದ್ದನ್ನು ನೋಡಿರಲಿಲ್ಲವೆಂದು ಲೈಲ್ ಆಮೇಲೆ ನನಗೆ ಹೇಳಿದ. ಹೇಳುವಾಗ ಅವನ ಮುಖ ಹಗುರವಾಗಿತ್ತು.

ಲೈಲ್‌ನ ಮನೆಯಲ್ಲಿ ಮಂಚ ಕಿಟಕಿಯ ಬಳಿಗೆ ಹೋಯಿತು. ಬಸ್ಸು ನಿಲ್ಲಿಸಿದ ಕೂಡಲೇ ಮಾರ್ಲಿಸ್ ದಿನವೂ ಅಲ್ಲಿಗೆ ಹೋಗಿ ಅವನ ಮೈ ಒರೆಸುತ್ತಿದ್ದಳು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿದ್ದಳು.

"ಸನ್ಯಾಸಿನಿ ದಾಳ ಹಾಕ್ದೇನೇ ಕೈ ಇಡ್ತಾಳಲ್ಲೇ, ಇದು ಮೋಸ," ಅನ್ನುತ್ತಿದ್ದ ಲೈಲ್.

"ಬಾಯಿ ಮುಚ್ಕೊಂಡು ಆ ಕಡೆ ತಿರುಗು," ಅನ್ನುತ್ತಿದ್ದಳು ಅವಳು.

ಗಂಡಹೆಂಡತಿ ಆ ವಾರಗಳಲ್ಲಿ ಏನೇನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ನಾನು ಹೋದಾಗಲೆಲ್ಲ ಬಾಗಿಲಿನಾಚೆ ಅವರ ದನಿ ಕೇಳುತ್ತಿತ್ತು.

ವಸಂತದಲ್ಲಿ ಬೇಲಿಯ ಲೈಲಾಕ್ ಹೂ ಅರಳಿದ್ದಾಗ, ಒಂದು ಮಧ್ಯಾಹ್ನ, ಹೆಂಡತಿಯ ಕೈ ಹಿಡಿದುಕೊಂಡೇ ಅವನು ಹೋದ. ಮಾರ್ಲಿಸ್ ಆಗ ಮಕ್ಕಳನ್ನು ಇಳಿಸುತ್ತಿದ್ದಳು. ಸುದ್ದಿ ಸಿಕ್ಕಿ ಬಂದವಳು ಬಿಸಿನೀರು ಕಾಯಿಸಿ, ಆರ್ಡಿಸ್ ಜೊತೆ ಸೇರಿ ಅವನ ಮೈ ತೊಳೆದಳು. ನೊರೆ ಹಚ್ಚಿ ಗಡ್ಡ ಬೋಳಿಸಿದಳು.

"ಎಡಗೆನ್ನೇಲಿ ಸ್ವಲ್ಪ ಉಳ್ಕೊಂಡಿದೆ," ಅಂದಳು ಆರ್ಡಿಸ್.

ಮಾರ್ಲಿಸ್ ಕ್ಷೌರದ ಕತ್ತಿಯನ್ನು ಅವಳ ಕೈಗೆ ಕೊಟ್ಟು, ಹೊಸ ನೀರು ತರಲು ಅಡುಗೆಮನೆಗೆ ಹೋದಳು.