ರಸೆಲ್ ಸಾಹೇಬರ ಒಂದೇ ಹಾಡು
ಬರ್ ದುಬೈಯ ಹೋಟೆಲೊಂದರಲ್ಲಿ ದಿನಾ ಸಂಜೆ ಹಾಡುವ ಅಮೆರಿಕದ ಸಾಫ್ಟ್ ರಾಕ್ ಗಾಯಕ ರಸೆಲ್ ಸಾಹೇಬರನ್ನು ಕಂಡರೆ, ಮೈಕು ನೋಡಿಕೊಳ್ಳುವ ಉಡುಪಿಯ ಸುಜಿತನಿಗೆ ಮೈಯೆಲ್ಲ ಉರಿ. ಪ್ರಾಯದಲ್ಲಿ ತಾವೇ ಬರೆದು ಹಾಡಿ ಹೆಸರು ಮಾಡಿದ್ದು ಒಂದೇ ಒಂದು ವಿರಹಗೀತೆ; ಇಂದಿಗೂ ಅದನ್ನೇ ಬಿಸಿಮಾಡಿ ಬಡಿಸುತ್ತಾರೆ. ಹೊರಗೆ ಬೆಂಕಿಯಂಥ ಸೆಕೆಯಿದ್ದರೂ ಕುತ್ತಿಗೆಗೆ ಉಣ್ಣೆಯ ಶಾಲು, ಕೂದಲಿಗೆ ಕಪ್ಪು ಬಣ್ಣ, ಎರಡನೇ ಚರಣಕ್ಕೆ ಸರಿಯಾಗಿ ಒಂದು ಹನಿ ಕಣ್ಣೀರು. ಹಾಡಿಗೆ ಮುಂಚೆ ಬಿಟ್ಟುಹೋದ ಹೆಂಡತಿಯ ಮೇಲೊಂದು ಹಳಸಲು ಜೋಕು. ಜನ ನಗುವವರೆಗೂ ಮುಂದೆ ಹೋಗುವುದಿಲ್ಲ. “ಈ ಸಾಹೇಬರದ್ದು ಯಾವತ್ತೋ ಖಲಾಸ್ ಮಾರಾಯ, ಅವರಿಗೇ ಗೊತ್ತಾಗ್ಲಿಲ್ಲ,” ಎಂದು ಸುಜಿತ ಗೆಳೆಯರೆದುರು ಅಣಕಿಸುತ್ತಿದ್ದ. ರಂಜಾನ್ ಬಂತು, ತಿಂಗಳಿಡೀ ಹೋಟೆಲಿನಲ್ಲಿ ಹಾಡುವಂತಿಲ್ಲ. ಒಂದು ಸಂಜೆ ವೈರು ತರಲು ಹಾಡಿನ ಹಾಲಿಗೆ ಹೋದ ಸುಜಿತ ನೋಡುತ್ತಾನೆ, ಖಾಲಿ ಕುರ್ಚಿಗಳೆದುರು ಸಾಹೇಬರು ಶಾಲು ಹೊದ್ದು, ಗಿಟಾರು ಹಿಡಿದು, ದನಿಯಿಲ್ಲದೆ ತುಟಿಯಾಡಿಸುತ್ತಿದ್ದಾರೆ. ಜೋಕು ಮುಗಿಯುವಲ್ಲಿ ನಿಂತರು, ಕಾದರು. ಆ ಜೋಕಿಗೆ ಒಮ್ಮೆಯೂ ನಗದಿದ್ದ ಸುಜಿತ ಬಾಗಿಲಲ್ಲೇ ನಿಂತು, ಅವರಿಗೆ ಕೇಳಿಸುವಂತೆ ನಕ್ಕ.