ಕೆಳಗಿನ ಮನೆಯ ಕಾಕಾ, ನನ್ನ ಉಬ್ಬಿದ ಬ್ಯಾಟರಿ

ಕಳೆದ ಭಾನುವಾರ ನಮ್ಮ ಸೊಸೈಟಿಗೆ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಒಯ್ಯುವ ಗಾಡಿ ಬರುತ್ತದೆಂದು ಅಟ್ಟದಿಂದ ಹಳೆಯ ಲ್ಯಾಪ್‌ಟಾಪ್ ಇಳಿಸಿದೆ. ಧೂಳು ಒರೆಸಲು ಮಗುಚಿದರೆ ತಳದಲ್ಲಿ ಬಿಳಿ ಪ್ಲಾಸ್ಟರಿನ ಒಂದು ಪಟ್ಟಿ. ಗಾಯಕ್ಕೆ ಅಂಟಿಸುವ ಬಟ್ಟೆಯ ಪ್ಲಾಸ್ಟರ್, ಹಳದಿಯಾಗಿ ಅಂಚು ಎದ್ದಿತ್ತು. ಅದರ ಮೇಲೆ ನೀಲಿ ಇಂಕಿನಲ್ಲಿ ಗುಜರಾತಿ ಅಂಕಿಯ ಎಂಬತ್ತು, ಪಕ್ಕದಲ್ಲಿ ‘ಬಸ್’. ಎಂಬತ್ತು, ಸಾಕು ಎಂದರ್ಥ. ಕೆಳಗಿನ ಮನೆಯ ಕಾಕಾ ಬರೆದದ್ದು. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು...

ನನ್ನದು ಹುಟ್ಟಾ ಗಾಬರಿಯ ಸ್ವಭಾವ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವಳು ಎರಡು ಸಲ ಹತ್ತಿ ಬಂದು ನೋಡುತ್ತೇನೆ. ವಿಮಾ ಕಂಪನಿಯಲ್ಲಿದ್ದ ನಮ್ಮವರಿಗೆ ವಡೋದರಕ್ಕೆ ವರ್ಗವಾಗಿ ಮಂಜಲ್‌ಪುರದ ಈ ಮನೆಗೆ ಬಂದಾಗ, ನಾನು ದಾವಣಗೆರೆಯ ಕಾಲೇಜಿನ ಪಾಠದ ಕೆಲಸ ಬಿಟ್ಟು ಐದು ವರ್ಷವಾಗಿತ್ತು. ಅಷ್ಟರಲ್ಲಿ ಮೂರು ಊರು. ‘ನೀವೇನು ಮಾಡ್ತೀರಿ?’ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದೆ. ಆಗ ದಿಲ್ಲಿಯ ಒಂದು ಸಂಸ್ಥೆ, ಮನೆಯಿಂದಲೇ ಆನ್‌ಲೈನ್ ಪಾಠ ಮಾಡುವವರು ಬೇಕೆಂದು ಕರೆದಿತ್ತು. ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆಯೂ ಬಂತು, ಲ್ಯಾಪ್‌ಟಾಪಿನಲ್ಲೇ, ಜನವರಿ ಹದಿನೈದರ ಬೆಳಿಗ್ಗೆ ಹನ್ನೊಂದಕ್ಕೆ.

ದಿನಾಂಕ ಓದಿದವಳೇ ಕ್ಯಾಲೆಂಡರ್ ನೋಡಿದೆ. ಗುಜರಾತಿನಲ್ಲಿ ಹದಿನಾಲ್ಕು ಉತ್ತರಾಯಣ, ನಮ್ಮ ಸಂಕ್ರಾಂತಿ; ಹದಿನೈದು ವಾಸಿ ಉತ್ತರಾಯಣ, ಹಬ್ಬದ ಮರುದಿನದ ಹಬ್ಬ. ಎರಡೂ ದಿನ ಊರಿಗೆ ಊರೇ ತಾರಸಿಯ ಮೇಲಿರುತ್ತದೆ, ಗಾಳಿಪಟ ಹಾರಿಸುತ್ತಾ. ದಾರ ತಂತಿಗೆ ಸಿಕ್ಕಿ ಯಾವ ಗಳಿಗೆಯಲ್ಲಾದರೂ ಕರೆಂಟ್ ಹೋಗಬಹುದು. ದಿಲ್ಲಿಯವರಿಗೆ ಇದೆಲ್ಲ ಎಲ್ಲಿ ಗೊತ್ತು! ದಿನ ಬದಲಿಸಿ ಎಂದು ಕೇಳಲು ನನಗೆ ಧೈರ್ಯವಿಲ್ಲ. ಬದಲಿಸಿ ಅಂದರೆ ನನ್ನನ್ನೇ ಬದಲಿಸಿಬಿಟ್ಟರೆ? ಉಳಿದ ಭರವಸೆ ಬ್ಯಾಟರಿಯೊಂದೇ, ಅದೋ ದಾವಣಗೆರೆಯ ಕಾಲದ್ದು. ನಾನು ಅದನ್ನು ಹಗಲೂ ರಾತ್ರಿ ಚಾರ್ಜಿಗೇ ಹಾಕಿಡುತ್ತಿದ್ದೆ. ನೂರು ಎಂಬ ಅಂಕಿ ಕಂಡರೆ ಮಾತ್ರ ನನಗೆ ಸಮಾಧಾನ.

ಕಾಕಾ ರೈಲ್ವೆಯಿಂದ ನಿವೃತ್ತರಾದವರು. ರೈಲಿನ ಬೋಗಿಗಳ ಅಡಿಯಲ್ಲಿ ದೀಪಕ್ಕೆ, ಫ್ಯಾನಿಗೆಂದು ಕೂರಿಸಿದ ದೊಡ್ಡ ಬ್ಯಾಟರಿಗಳಿಗೆ ನೀರು ತುಂಬುವುದು, ತಂತಿ ಕೂಡುವ ತುದಿಗೆ ವ್ಯಾಸಲೀನ್ ಸವರುವುದು, ಆ್ಯಸಿಡ್ ಅಳೆಯುವುದು, ಇದೇ ಅವರ ಜೀವಮಾನದ ಕೆಲಸ. ಮುಂಗೈ ತುಂಬ ಆ್ಯಸಿಡ್ ಬಿದ್ದ ಸಣ್ಣ ಬಿಳಿ ಚುಕ್ಕೆಗಳು. ನವೆಂಬರಿನ ಒಂದು ಸಂಜೆ ಅವರು ತಿಂಡಿಯ ಡಬ್ಬಿ ಹಿಂತಿರುಗಿಸಲು ಬಂದಾಗ ಹಾಸಿಗೆಯ ಮೇಲೆ ಚಾರ್ಜಿಗಿದ್ದ ಲ್ಯಾಪ್‌ಟಾಪ್ ತೋರಿಸಿ, ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ, “ಕಾಕಾ, ಯಾವಾಗಲೂ ಹೀಗೇ ಇಡ್ತೀನಿ. ಸರಿ ತಾನೆ?”

“ಬಹಳ ಸರಿ ಬೇನ್,” ಎಂದರು, ತಂಗಿ ಎನ್ನುವ ಹಾಗೆ. “ಬ್ಯಾಟರಿ ಯಾವತ್ತೂ ಹಸಿದಿರಬಾರದು. ತುಂಬಿಯೇ ಇರಬೇಕು.”

ರೈಲಿನ ಬ್ಯಾಟರಿಗೆ ಅದು ಸರಿಯಾದ ಮಾತೇ. ನನಗಂತೂ ಆನೆ ಬಲ ಬಂತು. ಅಲ್ಲಿಗೆ ಆ ವೈರನ್ನು ಕಿತ್ತದ್ದೇ ಇಲ್ಲ.

ಹಬ್ಬಕ್ಕೆ ಹತ್ತು ದಿನವಿದ್ದಾಗ ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲುಗಾಡತೊಡಗಿತು. ನೋಡಿದರೆ ತಳ ಪೂರಿಯ ಹಾಗೆ ಉಬ್ಬಿತ್ತು, ಕೀಬೋರ್ಡಿನ ಕೀಲಿಗಳು ಮೇಲೆದ್ದಿದ್ದವು. ನಾನು ಕೂಗಿದ ಕೂಗಿಗೆ ಕಾಕಾ ಚಪ್ಪಲಿಯಿಲ್ಲದೆ ಮೆಟ್ಟಿಲು ಹತ್ತಿ ಬಂದರು. ನಮ್ಮವರು ಸೂರತ್ತಿಗೆ ಹೋಗಿದ್ದರು. ಕಾಕಾ ಅವರ ಸ್ಕೂಟರಿನಲ್ಲೇ ಅಲಕಾಪುರಿಯ ರಿಪೇರಿ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಇದು ಎಲ್ಲಿ ಸಿಡಿಯುತ್ತದೋ, ಸಿಡಿಯದಿದ್ದರೆ ನನ್ನ ಕೆಲಸವೆಲ್ಲಿ ಹೋಗುತ್ತದೋ ಎಂದು ಎರಡಕ್ಕೂ ಒಟ್ಟಿಗೇ ಹೆದರುತ್ತಿದ್ದೆ.

ಅಂಗಡಿಯಾತ ಸ್ಕ್ರೂ ಬಿಚ್ಚಿ, ಬ್ಯಾಟರಿ ನೋಡಿ, ಹೇಗೆ ಚಾರ್ಜ್ ಮಾಡುತ್ತಿದ್ದೆನೆಂದು ಕೇಳಿ ತಿಳಿದು, ನನ್ನನ್ನು ನೋಡಿದ. “ಮೇಡಂ, ಸದಾ ಪ್ಲಗ್‌ನಲ್ಲೇ, ಅದೂ ಹಾಸಿಗೆ ಮೇಲೆ, ನೂರಕ್ಕೆ ನೂರು ತುಂಬಿ ಇಡಿ ಅಂತ ನಿಮಗೆ ಹೇಳಿದ್ದು ಯಾರು?”

ನಾಲ್ಕು ಜನ ಗಿರಾಕಿಗಳು ತಿರುಗಿ ನೋಡಿದರು. ಓದಿದವಳು, ಪಾಠ ಮಾಡಿದವಳು ನಾನು... ನನ್ನ ಬೆರಳು ತಾನಾಗಿ ಎದ್ದಿತು. “ಇವರೇ ಹೇಳಿದ್ದು.”

ಕಾಕಾ ತಲೆಯಾಡಿಸಿದರು. “ಹೌದು, ನಾನೇ ಹೇಳಿದ್ದು.”

ಅವರು ಹೇಳಿದ್ದು ನಿಜ. ಆದರೆ ಅವರನ್ನು ಕಾಣುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ, ದಾವಣಗೆರೆಯಿಂದಲೇ, ನಾನು ಹಾಗೆ ಇಡುತ್ತಿದ್ದೆ. ಆ ಬ್ಯಾಟರಿ ಹಾಳಾದದ್ದು ಅವರ ಎರಡು ತಿಂಗಳ ಮಾತಿನಿಂದಲ್ಲ, ನನ್ನ ಐದಾರು ವರ್ಷದ ಭಯದಿಂದ. ಇಷ್ಟನ್ನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.

ಆ ಮಾದರಿಯ ಬ್ಯಾಟರಿ ಬರುವುದು ಹಬ್ಬ ಮುಗಿದ ಮೇಲೆಯೇ ಎಂದ ಅಂಗಡಿಯಾತ. ಮರುದಿನ ಬೆಳಿಗ್ಗೆಯ ಗಾಡಿಗೆ ಕಾಕಾ ಯಾರಿಗೂ ಹೇಳದೆ ಅಹಮದಾಬಾದಿಗೆ ಹೋದರು. ಹಳೆಯ ಬ್ಯಾಟರಿಯ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದು, ಸಂಜೆ ಹೊಸದನ್ನು ಎದೆಗವಚಿಕೊಂಡು ಬಂದರು. ಅದನ್ನು ಕೂರಿಸುವಾಗ ರಿಪೇರಿಯವನ ಪಕ್ಕ ನಿಂತು ಮಕ್ಕಳ ಹಾಗೆ ಪ್ರಶ್ನೆ ಕೇಳಿದರು. ಎಪ್ಪತ್ತು ದಾಟಿದವರು! ಆಮೇಲೆ ನನಗೆ ಹೇಳಿದರು, “ನನ್ನ ಬ್ಯಾಟರಿಗಳು ಹಸಿವು ತಾಳುತ್ತಿರಲಿಲ್ಲ ಬೇನ್. ಇದರ ಜಾತಿ ಬೇರೆ, ಇದಕ್ಕೆ ಹೊಟ್ಟೆ ಬಿರಿಯ ಉಂಡು ಕೂತರೆ ಆಗುವುದಿಲ್ಲ. ನಾನು ಕೇಳಿ ತಿಳಿಯಬೇಕಿತ್ತು. ತಪ್ಪು ನನ್ನದು.”

ಅಂದೇ ಆ ಪ್ಲಾಸ್ಟರ್ ಅಂಟಿಸಿದ್ದು. ಎಂಬತ್ತಕ್ಕೆ ವೈರ್ ಕೀಳಬೇಕು, ಮೂವತ್ತಕ್ಕಿಂತ ಕೆಳಗೆ ಬಿಡಬಾರದು. ಹಾಸಿಗೆ ಬೇಡವೆಂದು ಅವರ ಮನೆಯ ಊಟದ ಮಣೆಯನ್ನೇ ತಂದುಕೊಟ್ಟರು. ನನ್ನ ಲ್ಯಾಪ್‌ಟಾಪ್ ಮದುಮಗನ ಹಾಗೆ ಮಣೆಯ ಮೇಲೆ ಕೂತಿತು. ಎಂಬತ್ತಕ್ಕೆ ನಿಲ್ಲಿಸುವುದು ನನಗೆ ಪ್ರಾಣಸಂಕಟ. ಉಳಿದ ಇಪ್ಪತ್ತನ್ನು ಯಾರೋ ಕದ್ದೊಯ್ದ ಹಾಗೆ ಚಡಪಡಿಸುತ್ತಿದ್ದೆ. ಮೆಟ್ಟಿಲ ಕೆಳಗಿಂದ ಕಾಕಾ ಕೂಗುತ್ತಿದ್ದರು, “ಎಂಬತ್ತು ಆಯಿತಾ? ಬಸ್!”

ಹದಿನೈದನೆಯ ತಾರೀಖು ಬೆಳಿಗ್ಗೆ ಮಾತ್ರ ಅವರೇ ಬಂದು, “ಇವತ್ತೊಂದು ದಿನ ನೂರು,” ಎಂದರು. ಪರದೆಯ ಬೆಳಕು ತಗ್ಗಿಸಲು ಹೇಳಿದರು, ಬೇಡದ್ದನ್ನೆಲ್ಲ ಮುಚ್ಚಿಸಿದರು, ವೈಫೈ ಹೋದರೆ ಇರಲಿ ಎಂದು ಮೊಬೈಲಿನ ನೆಟ್ ಸಿದ್ಧ ಮಾಡಿಸಿದರು. ಹೊರಗೆ ತಾರಸಿ ತಾರಸಿಯಲ್ಲೂ ಲೌಡ್‌ಸ್ಪೀಕರ್, ಎದುರಿನ ಪಟ ಕಡಿದವರ “ಕಾಪ್ಯೋ ಛೆ!” ಎಂಬ ಕೂಗು. ದಿಲ್ಲಿಯವರ ಮೊದಲ ಪ್ರಶ್ನೆಯೇ ನನಗೆ ಕೇಳಿಸಲಿಲ್ಲ. ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಎಲ್ಲೋ ಢಬ್ ಎಂದಿತು, ಫ್ಯಾನ್ ನಿಂತಿತು, ಪರದೆಯ ಮುಖಗಳು ಮಾಯವಾದವು. ಮೊಬೈಲಿನ ನೆಟ್ ಜೋಡಿಸಿದೆ. ಮುಖಗಳು ಮರಳಿದವು. ಆಮೇಲೆ ಗಮನಕ್ಕೆ ಬಂತು... ಸುತ್ತ ಎಷ್ಟು ನಿಶ್ಶಬ್ದ! ಕರೆಂಟಿನ ಜೊತೆ ಲೌಡ್‌ಸ್ಪೀಕರುಗಳೂ ಸತ್ತಿದ್ದವು. ಐವತ್ತು ನಿಮಿಷ ನಾನು ಮಾತಾಡಿದೆ.

ಮುಗಿಸಿ ಬಾಗಿಲು ತೆರೆದರೆ ಕಾಕಾ ಮೆಟ್ಟಿಲ ಮೇಲೆ ಕೂತಿದ್ದರು, ಯಾರೂ ಧಡಧಡ ಓಡದಂತೆ ಕಾಯುತ್ತಾ. ಸಂದರ್ಶನ ಹೇಗಾಯಿತೆಂದು ಕೇಳಲಿಲ್ಲ. “ಎಷ್ಟು ಉಳಿದಿದೆ?” ಎಂದರು. ಐವತ್ತೆಂಟು ಎಂದೆ. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

ಕೆಲಸ ಸಿಕ್ಕಿತು. ಅದೇ ಕೆಲಸ ಇಂದಿಗೂ ಮಾಡುತ್ತಿದ್ದೇನೆ. ಆದರೆ ಅಂದಿನಿಂದ ಕಾಕಾ ಎದುರಾದಾಗಲೆಲ್ಲ ಮೊದಲ ಮಾತು ಅದೇ, “ಬೆಟರಿ ಠೀಕ್ ಛೆ ನೇ, ಬೇನ್?” ಬ್ಯಾಟರಿ ಸರಿಯಿದೆ ತಾನೆ ಎಂದು ಕೇಳುವಾಗ ಮುಖದಲ್ಲೊಂದು ಅಳುಕು. ನನ್ನ ಗಾಬರಿ ಅವರಿಗೆ ಅಂಟಿಕೊಂಡಿತ್ತು. ಪ್ರತಿ ಸಲವೂ ನಿಜ ಹೇಳಿಬಿಡೋಣ ಅನ್ನಿಸುತ್ತಿತ್ತು. ನಾಳೆ ಹೇಳಿದರಾಯಿತು, ಪಾಠಕ್ಕೆ ಹೊತ್ತಾಯಿತು... ಹೀಗೇ ಎರಡು ವರ್ಷ. ಎದೆನೋವೆಂದು ಅವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ನಾನು ರಿಕ್ಷಾದ ಬಳಿಗೆ ಓಡಿದೆ. ಬೆವರಿದ ಮುಖವೆತ್ತಿ ಅದನ್ನೇ ಕೇಳಿದರು. “ಠೀಕ್ ಛೆ ಕಾಕಾ, ನೀವು ಮೊದಲು ಹೊರಡಿ,” ಎಂದೆ. ಅವರು ಮರಳಿ ಬರಲಿಲ್ಲ.

ಭಾನುವಾರ ಆ ಪಟ್ಟಿ ಕಂಡ ಮೇಲೆ ತಡೆಯಲಾಗದೆ ಕಾಕಾ ಅವರ ಹೆಂಡತಿ ಕಾಕಿಗೆ ಫೋನ್ ಮಾಡಿದೆ. ಅವರೀಗ ಸೂರತ್ತಿನ ಕತಾರ್‌ಗಾಮ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಲ್ಯಾಪ್‌ಟಾಪ್ ಎಂದ ಕೂಡಲೇ ನಕ್ಕರು. “ಅಯ್ಯೋ, ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಜೀವಮಾನವಿಡೀ ಬ್ಯಾಟರಿ ಕಾದೆ, ಕೊನೆಗೆ ಮೇಲಿನ ಮನೆಯ ಬೇನ್‌ರದನ್ನು ನಾನೇ ಕೆಡಿಸಿದೆ ಅಂತ.”

ಆಗ ಹೇಳಿದೆ. ದಾವಣಗೆರೆಯಿಂದ ಹಿಡಿದು ಅಂಗಡಿಯಲ್ಲಿ ಎತ್ತಿದ ಬೆರಳಿನವರೆಗೆ, ಒಂದನ್ನೂ ಬಿಡದೆ. ಲೈನ್ ಹೋಯಿತೇನೋ ಎಂದು “ಕಾಕೀ?” ಎಂದೆ.

“ಇದ್ದೀನಿ ಬೇನ್,” ಎಂದರು. ಆಮೇಲೆ ಮೆಲ್ಲಗೆ, “ಇದನ್ನು ಅವರಿರುವಾಗ ಹೇಳಬೇಕಿತ್ತು.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗಾಡಿ ಬಂದು, ಹಾರ್ನ್ ಹಾಕಿ, ಹೋಯಿತು. ಲ್ಯಾಪ್‌ಟಾಪ್ ಇನ್ನೂ ಮೇಜಿನ ಮೇಲೆ ಮಗುಚಿಕೊಂಡೇ ಇದೆ.